ಫ್ರಿಜ್ಜಿನ ಮುಂದೊಂದು ಮಣೆ

ಹಳೆಯ ಮನೆಗಳ ವೈರಿಂಗ್ ಬದಲಾಯಿಸುವ ಕಸುಬು ಹಿಡಿದವನು ನಗಲಿಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಗಿರಾಕಿಗಳೇ ಮನೆಗೆ ಕರೆದು, ಚಹಾ ಕೊಟ್ಟು ನಗಿಸುತ್ತಾರೆ. ನಾನು ಉಡುಪಿ ಕಡೆಯವನು. ಠಾಣೆ ಸ್ಟೇಷನ್ನಿನ ಹತ್ತಿರ ಪುಟ್ಟದೊಂದು ಅಂಗಡಿ ಇಟ್ಟುಕೊಂಡು, ಕಲ್ಯಾಣದಿಂದ ಬೇಲಾಪುರದವರೆಗೆ ಗೋಡೆ ಕೊರೆಯುತ್ತ ತಿರುಗಿದವನು. "ಈ ವೈರು ನಿಮ್ಮ ಮದುವೆಗಿಂತ ಹಳೆಯದು, ಬದಲಾಯಿಸಿ" ಎಂದರೆ ಜನ ನಗುತ್ತಾರೆ. ಬೋರ್ಡಿನಿಂದ ಹೊಗೆ ಎದ್ದ ಮೇಲೆ ಓಡಿಬರುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾನು ಬಯ್ಯುತ್ತೇನೆ. ಆದರೆ ಚಹಾ ಕುಡಿದ ಮೇಲೆಯೇ ಬಯ್ಯುತ್ತೇನೆ.

ಹೋಗದ ಫ್ಯೂಸು

ಡೊಂಬಿವಲಿಯಲ್ಲಿ ಗದಗ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರ ಮನೆ. ಏಸಿ ತಂದ ದಿನದಿಂದ ಫ್ಯೂಸ್ ಹೋಗುತ್ತಿದೆ ಎಂದು ಫೋನ್ ಮಾಡಿದ್ದರು. ನಾನು ಹೋಗುವಷ್ಟರಲ್ಲಿ ಅವರೇ ರಿಪೇರಿ ಮುಗಿಸಿ, ಏಸಿಯ ಕೆಳಗೆ ಶಾಲು ಹೊದ್ದು ಕುಳಿತಿದ್ದರು.

"ಬರ್ರಿ ಬರ್ರಿ, ನಿಮ್ಮ ಕೆಲಸ ನಾನ ಮಾಡೀನಿ. ಇನ್ನ ಫ್ಯೂಜ್ ಹೋಗಂಗಿಲ್ಲ!"

ಬಿಚ್ಚಿ ನೋಡಿದೆ. ಫ್ಯೂಸಿನಲ್ಲಿ ತಂತಿಯಲ್ಲ, ಒದ್ದೆ ಚಾದರ ಒಣಹಾಕುವಷ್ಟು ದಪ್ಪನೆಯ ತಾಮ್ರದ ಸರಿಗೆ! ನನಗೆ ತಲೆ ಕೆಟ್ಟಿತು. "ಯಜಮಾನ್ರೇ, ಫ್ಯೂಸ್ ಇರುವುದೇ ಸುಟ್ಟುಹೋಗಲಿಕ್ಕೆ. ಅದು ಸುಟ್ಟರೆ ಮನೆ ಉಳಿಯುತ್ತದೆ. ಈಗ ಅದು ಸುಡುವುದಿಲ್ಲ, ಗೋಡೆಯೊಳಗಿನ ವೈರು ಸುಡುತ್ತದೆ" ಎಂದೆ.

ಅವರು ಗಂಭೀರರಾದರು. "ಗ್ವಾಡಿ ಒಳಗಿನ ವೈರ್ ಏನ್ರಿ?"

"ಹೌದು."

"ಹಂಗಾರ ಚಿಂತಿಲ್ಲ ಬಿಡ್ರಿ" ಎಂದು ಶಾಲು ಸರಿಮಾಡಿಕೊಂಡರು. "ಬಾಡಿಗಿ ಮನಿ. ಫ್ಯೂಜ್ ನಮ್ದು, ಗ್ವಾಡಿ ಮಾಲೀಕಂದು!"

ಕರೆಂಟು ತರಿಸಿದವರು

ಅದು ಲೋಡ್ ಶೆಡ್ಡಿಂಗಿನ ಕಾಲ. ಕಲ್ಯಾಣದ ಹಳೆಯ ಬಿಲ್ಡಿಂಗೊಂದರಲ್ಲಿ ಬೋರ್ಡು ಬದಲಾಯಿಸಬೇಕಿತ್ತು. ಆ ಮನೆಯ ಹೆಂಗಸು ಕುಂದಾಪುರದ ಕಡೆಯವರು. "ಹೇಗೂ ಮಧ್ಯಾಹ್ನದವರೆಗೆ ಕರೆಂಟ್ ಇಲ್ಲ, ಆಗಲೇ ಮಾಡಿ, ಸೇಫ್" ಎಂದಿದ್ದರು. ನಾನು ಹೋದವನೇ ಮೊದಲು ಮೇನ್ ಸ್ವಿಚ್ ಆಫ್ ಮಾಡಿದೆ. ಅವರು ನಕ್ಕರು. "ಸರಕಾರ ಬಂದ್ ಮಾಡಿದ್ದನ್ನು ನೀವು ಇನ್ನೊಂದ್ಸಲ ಬಂದ್ ಮಾಡುದಾ?"

ಹಗಲಿನಲ್ಲೂ ಕತ್ತಲಿರುವ ಪ್ಯಾಸೇಜು. ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಬೆವರು ಸುರಿಸುತ್ತ ಸ್ಟೂಲಿನ ಮೇಲೆ ನಿಂತು ವೈರು ಬಿಚ್ಚುತ್ತಿದ್ದೆ. ಇದ್ದಕ್ಕಿದ್ದಂತೆ ಹೊರಗೆ ಮೆಟ್ಟಿಲಿನ ದೀಪ ಹತ್ತಿತು! ಪಕ್ಕದ ಮನೆಯ ಟೀವಿ ಕಿರುಚಿತು! ಮೇನ್ ಆಫ್ ಮಾಡಿರದಿದ್ದರೆ ಅವತ್ತೇ ನನ್ನ ಫೋಟೋಕ್ಕೆ ಹಾರ ಬೀಳುತ್ತಿತ್ತು. ಸ್ಟೂಲಿನಿಂದ ಇಳಿದು ನೆಲದ ಮೇಲೆ ಕುಳಿತುಬಿಟ್ಟೆ.

ಅವರು ನಿಂಬೆ ಶರಬತ್ತು ಹಿಡಿದು ಮುಖವರಳಿಸಿ ಬಂದರು. "ಬಂತಲ್ದಾ? ನೀವು ಕತ್ತಲೆಯಲ್ಲಿ ಒದ್ದಾಡುದು ಕಂಡು ಹೊಟ್ಟೆ ಚುರುಕ್ ಅಂತು. ಲೈನ್‌ಮನ್ನನ ಹೆಂಡ್ತಿ ನಮ್ಮ ಭಜನಾ ಮಂಡಳಿಯವಳೇ. ಫೋನ್ ಮಾಡಿ ನಾನೇ ತರಿಸ್ದೆ!"

ಶರಬತ್ತಿಗೆ ಸಕ್ಕರೆ ಮಾತ್ರ ಸರಿಯಾಗಿತ್ತು.

ದೇವರ ದಾರ

ವರ್ತಕ ನಗರದ ನಿವೃತ್ತ ಗುಮಾಸ್ತರೊಬ್ಬರ ಮನೆಗೆ, ಕರೆಂಟು ಚೂರು ಸೋರಿದರೂ ತಾನಾಗಿಯೇ ಬಂದ್ ಆಗುವ ಹೊಸ ಸ್ವಿಚ್ ಹಾಕಿ ಬಂದಿದ್ದೆ. ಮರುದಿನವೇ ಫೋನು. "ಗೀಸರ್ ಹಾಕಿದ ಕೂಡಲೇ ನಿಮ್ಮ ಸ್ವಿಚ್ ಬೀಳ್ತದೆ."

"ಗೀಸರ್ ಕೆಟ್ಟಿದೆ ಸ್ವಾಮಿ, ಅದನ್ನು ಬದಲಾಯಿಸಿ."

"ಗೀಸರ್ ಇಷ್ಟು ವರ್ಷ ಒಂದು ಮಾತಾಡಿಲ್ಲ. ನಿಮ್ಮ ಸ್ವಿಚ್ ಬಂದ ಮೇಲೇ ಮನೆಯಲ್ಲಿ ಜಗಳ."

ಹೋಗಿ ನೋಡಿದರೆ, ಸ್ವಿಚ್ಚಿನ ಹಿಡಿ ಕೆಳಗೆ ಬೀಳದಂತೆ ಯಾತ್ರೆಯಿಂದ ತಂದ ಕೆಂಪು ದಾರದಲ್ಲಿ ಬಿಗಿದು ಕಟ್ಟಿದ್ದಾರೆ. "ಕಟ್ಟಿದರೂ ಒಳಗಿಂದೊಳಗೇ ಅದು ಬಂದ್ ಆಗುತ್ತದೆ. ಅದನ್ನು ಮಾಡಿದ್ದೇ ಹಾಗೆ" ಎಂದೆ.

ಅವರು ಸ್ವಿಚ್ಚನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ದೇವರ ದಾರಕ್ಕೂ ಬೆಲೆ ಕೊಡದ ಸಾಮಾನನ್ನು ಸಂಸಾರಸ್ಥರ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ, ನೀವೇ ಹೇಳಿ?"

ಮಣೆ

ನೌಪಾಡಾದ ಹಳೆಯ ಬಿಲ್ಡಿಂಗಿನಲ್ಲಿ ನಮ್ಮೂರ ಕಡೆಯದೇ ಒಂದು ಸಂಸಾರವಿತ್ತು. ಅಜ್ಜಿ, ಅವರ ಮಗ, ಕಲ್ಯಾಣದಲ್ಲೇ ಹುಟ್ಟಿ ಬೆಳೆದ ಸೊಸೆ, ಇನ್ನೇನು ಅಂಬೆಗಾಲಿಡಲಿರುವ ಮೊಮ್ಮಗು. ಡೋರ್‌ಬೆಲ್ ಸರಿಮಾಡಲು ಕರೆದಿದ್ದರು. ನೋಡುತ್ತೇನೆ, ಅಡುಗೆಮನೆಯಲ್ಲಿ ಫ್ರಿಜ್ಜಿನ ಮುಂದೆ ಊಟಕ್ಕೆ ಕೂರುವ ಹಲಸಿನ ಮಣೆ. ಸೊಸೆ ಬಂದಳು, ಭಕ್ತಿಯಿಂದ ಮಣೆ ಹತ್ತಿದಳು, ಫ್ರಿಜ್ ತೆರೆದಳು, ಹಾಲು ತೆಗೆದಳು, ಮಣೆ ಇಳಿದಳು.

"ಇದೇನಮ್ಮ?" ಎಂದೆ.

"ಸಾಸೂಬಾಯಿ, ನಮ್ಮ ಅತ್ತೆ, ಹೇಳಿದ್ದು ಅಂಕಲ್. ನಿಮ್ಮ ಉಡುಪಿ ಕಡೆ ರಿವಾಜ್ ನಾ? ಕಲ್ಯಾಣಕ್ಕೆ ಮಮ್ಮಿ ಮನೆಗೆ ಹೋದಾಗ್ಲೂ ನಾನು ಇಂಥದೇ ಪಾಟ್ ಇಟ್ಟೇ ಫ್ರಿಜ್ ತೆಗೀತೇನೆ. ಈಗ ಮಮ್ಮಿ ಭೀ ಶುರು ಮಾಡಿದ್ದಾಳೆ, ಘರ್ ಮೇ ಬರಕತ್ ಆಗ್ತದೆ ಅಂತ."

ಫ್ರಿಜ್ಜಿಗೆ ಟೆಸ್ಟರ್ ಇಟ್ಟೆ. ಬರಕತ್ತು ಕೆಂಪಗೆ ಉರಿಯಿತು.

ಅಜ್ಜಿಯನ್ನು ಕೇಳಿದರೆ, "ರಿವಾಜೂ ಇಲ್ಲ, ಮಣ್ಣೂ ಇಲ್ಲ. ಬರಿಗಾಲಲ್ಲಿ ಮುಟ್ಟಿದರೆ ಜುಂ ಅಂತದೆ. ಮಣೆ ಇಟ್ಟರೆ ಇಲ್ಲ. ಅಷ್ಟಕ್ಕೆ ಗೋಡೆ ಒಡೀಲಿಕ್ಕುಂಟಾ?" ಎಂದರು. ಈ ಮನೆಗೆ ಅರ್ಥಿಂಗೇ ಇಲ್ಲ, ವೈರಿಂಗ್ ಪೂರ್ತಿ ಬದಲಾಯಿಸಬೇಕು ಎಂದು ನಾನು ಗಂಟಲು ಹರಿದುಕೊಂಡೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಅಷ್ಟರಲ್ಲಿ ಚಾಪೆಯ ಮೇಲಿದ್ದ ಮಗು ಮಗುಚಿ, ಹೊಟ್ಟೆಯೆಳೆಯುತ್ತ, ಸೀದಾ ಫ್ರಿಜ್ಜಿನ ಕಡೆ ಹೊರಟಿತು. ನಾನು ಓಡಿದೆ. ಎತ್ತಿಕೊಂಡು ಅಜ್ಜಿಯ ಮಡಿಲಿಗೆ ಹಾಕಿ, "ಇದು ಮಣೆ ಹತ್ತಿ ಬರ್ತದಾ ಅಜ್ಜೀ?" ಎಂದೆ.

ಅಜ್ಜಿಯ ಮುಖ ಬಿಳುಚಿತು. ಮಗುವನ್ನು ಅವುಚಿಕೊಂಡವರು ಬಿಡಲೇ ಇಲ್ಲ. ಕೈ ತೋರಿಸಿ ನನ್ನಿಂದ ಫ್ರಿಜ್ಜಿನ ಪ್ಲಗ್ ತೆಗೆಸಿ, "ಇವತ್ತೇ ಒಡೀರಿ. ಇಡೀ ಮನೆ ಒಡೆದರೂ ಅಡ್ಡಿ ಇಲ್ಲ" ಎಂದರು. ಕೆಲಸ ಮುಗಿಯುವವರೆಗೆಂದು ಸೊಸೆ ಮಗುವನ್ನು ಕರೆದುಕೊಂಡು ಕಲ್ಯಾಣಕ್ಕೆ ಹೋದಳು. ತಾಯಿಯ ಮನೆಯ ಪಾಟನ್ನೂ ಎತ್ತಿಟ್ಟಳಂತೆ.

ಕೆಲಸ ಮುಗಿದ ದಿನ ಅಜ್ಜಿ ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಫ್ರಿಜ್ ಮುಟ್ಟಿ ನೋಡಿದರು. ಜುಂ ಇಲ್ಲ, ಗಿಂ ಇಲ್ಲ. ಅವರ ಕಣ್ಣಲ್ಲಿ ನೀರು ಬಂತು. ನಿಜ ಹೇಳಬೇಕೆಂದರೆ ನನಗೂ ಬಂತು.

ಕೆಲವು ತಿಂಗಳ ನಂತರ ಅಜ್ಜಿಯೇ ಅಂಗಡಿಗೆ ಬಂದರು. ಮುಖ ಸಪ್ಪಗಿತ್ತು. ನನಗೆ ಹೆದರಿಕೆಯಾಯಿತು. "ಮಗು ಹೇಗಿದೆ? ಮತ್ತೆ ಶಾಕ್ ಹೊಡೀತಾ?"

"ಮಗು ಚೆನ್ನಾಗುಂಟು. ಫ್ರಿಜ್ ಹಿಡಿದೇ ಎದ್ದು ನಿಲ್ಲಲಿಕ್ಕೆ ಕಲಿತಿತು" ಎಂದರು. "ಸಂಗತಿ ಬೇರೆ. ನನ್ನ ಮಗನಿಗೆ ಶುಗರ್ ಉಂಟಲ್ಲ? ಮೊದಲು ಶಾಕಿಗೆ ಹೆದರಿ ಅವನು ಫ್ರಿಜ್ಜಿನ ಹತ್ತಿರ ಸುಳೀತಿರಲಿಲ್ಲ. ಈಗ ಹೊತ್ತಿಲ್ಲ ಗೊತ್ತಿಲ್ಲ, ಬಾಗಿಲು ತೆಗೆದು ಶ್ರೀಖಂಡ ತಿಂತಾನೆ. ಡಾಕ್ಟರ್ರು ನನಗೆ ಬಯ್ತಾರೆ."

"ಅದಕ್ಕೆ ನಾನೇನು ಮಾಡಲಿ ಅಜ್ಜೀ?"

ಅಜ್ಜಿ ಅತ್ತಿತ್ತ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು.

"ಮೊಮ್ಮಗುವಿಗೆ ಏನೂ ಆಗಬಾರದು. ಮಗನಿಗೆ ಮಾತ್ರ ತಾಗುವ ಹಾಗೆ, ಸಣ್ಣದೊಂದು ಶಾಕ್ ಇಟ್ಟು ಕೊಡ್ಲಿಕ್ಕೆ ಆಗ್ತದಾ?"