ಅಂಟಿಗಾಗಿ ಮೂರೂರು ಸುತ್ತಿದ್ದು

"ಇಷ್ಟು ಸಣ್ಣ ಕೆಲಸಕ್ಕ ಮೆಕ್ಯಾನಿಕ್ ಯಾಕ? ನಾನಾ ಬಿಚ್ಚತೀನಿ, ನಾನಾ ಹಾಕತೀನಿ, ನಾನಾ ಮುಚ್ಚತೀನಿ! ಮಧ್ಯಾಹ್ನದ ಊಟದೊಳಗ ಮುಗೀತಂತ ತಿಳ್ಕೊ!"

ಮೇ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ, ಎಡಗೈಯಲ್ಲಿ ಮಂಡಕ್ಕಿ ಸುಸಲಾದ ತಟ್ಟೆ ಹಿಡಿದು, ಬಲಗೈಯ ಸ್ಕ್ರೂಡ್ರೈವರನ್ನು ಖಡ್ಗದಂತೆ ಮೇಲೆತ್ತಿ ನಾನು ಈ ಪ್ರತಿಜ್ಞೆ ಮಾಡಿದೆ. ಸಭೆಯಲ್ಲಿ ನನ್ನ ಹೆಂಡತಿ ಕಸ್ತೂರಿ ಒಬ್ಬಳೇ ಇದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ.

"ಮಿಕ್ಸರ್ ಬಿಚ್ಚಿದಾಗೂ ಹಿಂಗೇ ಅಂದಿದ್ರಿ," ಎಂದಳು.

"ಮಿಕ್ಸರ್ ಬ್ಯಾರೆ, ಕಂಪ್ಯೂಟರ್ ಬ್ಯಾರೆ!"

"ಹೌದ್ರಿ. ಮಿಕ್ಸರ್ ಇಲ್ಲಾಂದ್ರ ಒಳ್ಳಕಲ್ಲಾಗ ಹಾಕಿ ಖಾರ ಕುಟ್ಟತೀನಿ. ಕಂಪ್ಯೂಟರ್ ಇಲ್ಲಾಂದ್ರ ಒಳ್ಳಾಗ ಏನ್ ಹಾಕಿ ಕುಟ್ಟಲಿ? ನಿಮ್ಮನ್ನ?"

ಅವಳ ಸಿಟ್ಟಿಗೆ ಕಾರಣವಿತ್ತು. ಶಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾದ ನಾನು, ಶರಣಕುಮಾರ, ಮನೆಯ ಯಜಮಾನನೆಂದು ರೇಷನ್ ಕಾರ್ಡೂ ಒಪ್ಪುವುದಿಲ್ಲ; ಅದರಲ್ಲಿ ಇರುವುದು ಅವಳ ಹೆಸರು. ಮನೆಯಲ್ಲೇ ಕೂತು ಲಗ್ನಪತ್ರಿಕೆ ತಯಾರಿಸುವುದು ಕಸ್ತೂರಿಯ ಉದ್ಯೋಗ. ಗೋಗಿಯಿಂದ ಶಿರವಾಳದವರೆಗೆ ಅರ್ಧ ಲಗ್ನಗಳು ಮೊದಲು ನಮ್ಮ ಕಂಪ್ಯೂಟರಿನಲ್ಲಿ ಆಗುತ್ತವೆ, ಆಮೇಲೆ ಮಂಟಪದಲ್ಲಿ!

ಆ ಕಂಪ್ಯೂಟರನ್ನು ಹೈದರಾಬಾದಿನ ಫೋಟೊ ಸ್ಟುಡಿಯೊ ಒಂದರಿಂದ ಹಳೆಯದಾಗಿ ತಂದಿದ್ದೆವು. ಡಬ್ಬಿ ಬೇರೆ, ಪರದೆ ಬೇರೆ ಇರುವಂಥದ್ದಲ್ಲ. ಮುಖ, ಮಿದುಳು, ಹೊಟ್ಟೆ ಎಲ್ಲವೂ ಒಂದೇ ಹಲಗೆಯೊಳಗೆ. ನೋಡಲು ಅರಮನೆಯ ಕನ್ನಡಿ. ಆದರೆ ನಡಿಗೆ ಮಾತ್ರ ಎತ್ತಿನ ಗಾಡಿಯದು. ಅದರಲ್ಲಿ ಮದುಮಕ್ಕಳ ಫೋಟೊ ತೆರೆಯುವಷ್ಟರಲ್ಲಿ ಅವರಿಗೆ ಮಕ್ಕಳೇ ಆಗಿಬಿಡುವಂತಿತ್ತು. ಇನ್ನೆರಡು ಮೆಮೊರಿ ಪಟ್ಟಿ ಒಳಗೆ ಕೂರಿಸಿದರೆ ಕುದುರೆಯಂತೆ ಓಡುತ್ತದೆಂದು ತಿಳಿದು, ಪಟ್ಟಿಗಳನ್ನು ಪಾರ್ಸೆಲ್ ತರಿಸಿಟ್ಟಿದ್ದೆ.

ಈ ಕಂಪ್ಯೂಟರ್ ಬಿಚ್ಚುವ ವಿಡಿಯೊ ಹುಡುಕಿದೆ. ಗಾಜಿನ ಪರದೆಯನ್ನು ಸುತ್ತಲೂ ಟೇಪಿನಿಂದ ಅಂಟಿಸಿರುತ್ತಾರೆ, ಅಂಚನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಪ್ಲಾಸ್ಟಿಕ್ ಗಾಲಿಯಿಂದ ಟೇಪು ಕತ್ತರಿಸಬೇಕು ಎಂದ ಅದರೊಳಗಿನ ಮನುಷ್ಯ. ಶಹಾಪುರದಲ್ಲಿ, ಅದೂ ಮೇ ತಿಂಗಳಲ್ಲಿ, ಬಿಸಿಗಾಳಿಗೆ ಕರೆಂಟು ಸುಡುವವನು ಹುಚ್ಚ! ಕಂಪ್ಯೂಟರನ್ನು ಕೌದಿಯ ಮೇಲೆ ಮಲಗಿಸಿ ಅಂಗಳದ ಬಿಸಿಲಿಗಿಟ್ಟೆ. ಇಪ್ಪತ್ತೇ ನಿಮಿಷದಲ್ಲಿ ಹಪ್ಪಳ ಹುರಿಯುವಷ್ಟು ಕಾದಿತು. ವಿಡಿಯೊದ ಗಾಲಿಯ ಬದಲಿಗೆ ಕಸ್ತೂರಿ ಕರ್ಚಿಕಾಯಿ ಅಂಚು ಕತ್ತರಿಸುವ ಪ್ಲಾಸ್ಟಿಕ್ ಗಾಲಿ ಎತ್ತಿಕೊಂಡೆ. ಎಡಗಡೆ ಚರ್ರ್! ಮೇಲ್ಗಡೆ ಚರ್ರ್! ಬಲಗಡೆ ಚರ್ರ್! ಪರದೆ ಬಾಯಿ ಬಿಟ್ಟಿತು. ತಿರುಪು ಬಿಚ್ಚಿ, ಸಂದಿಯಲ್ಲಿ ಬೆರಳು ತೂರಿಸಿ, ಎರಡು ಗೆಣ್ಣು ತರಚಿಕೊಂಡು, ಒಂದು ಗಂಟೆ ಹೆಣಗಿ ಮೆಮೊರಿ ಪಟ್ಟಿ ಕೂರಿಸಿದೆ. ಸ್ವಿಚ್ ಒತ್ತಿದರೆ ಫೋಟೊಗಳು ಪಟಪಟನೆ ತೆರೆದುಕೊಂಡವು.

"ನೋಡಿದೇನು?" ಎಂದು ಮೀಸೆ ತಿರುವಿದೆ.

"ನೋಡಿದ್ನಿ. ಈಗ ಮುಚ್ರಿ," ಎಂದಳು ಕಸ್ತೂರಿ.

ಪರದೆಯನ್ನು ಅದರ ಜಾಗದಲ್ಲಿಟ್ಟು ಕೈಬಿಟ್ಟೆ. ಅದು ನನಗೆ ಸಾಷ್ಟಾಂಗ ನಮಸ್ಕಾರ ಹಾಕಲು ಮುಂದೆ ಬಾಗಿತು! ಎದೆಗೊಟ್ಟು ಹಿಡಿದುಕೊಂಡೆ. ಹಳೆಯ ಟೇಪು ಹರಿದ ದೋಸೆಯಂತೆ ಅಂಚಿಗೆಲ್ಲ ಮೆತ್ತಿಕೊಂಡಿತ್ತು. ಪರದೆ ಹಿಡಿದುಕೊಂಡೇ ವಿಡಿಯೊದ ಕೊನೆಯ ಭಾಗ ನೋಡಿದೆ. ಮೊದಲೇ ನೋಡಬಹುದಿತ್ತು, ಅದು ಬೇರೆ ಮಾತು. ಆ ಪುಣ್ಯಾತ್ಮ ನಗುತ್ತ ಹೇಳಿದ: ಈಗ ಕಿಟ್ಟಿನಲ್ಲಿ ಬಂದಿರುವ ಹೊಸ ಟೇಪು ಅಂಟಿಸಿ.

ನನ್ನ ಹತ್ತಿರ ಕಿಟ್ಟೂ ಇರಲಿಲ್ಲ, ಗಿಟ್ಟೂ ಇರಲಿಲ್ಲ! ತರಿಸೋಣವೆಂದರೆ ಶಹಾಪುರಕ್ಕೆ ಬರಲು ಎಂಟು ದಿನವಂತೆ.

"ನಂಟು ಬೆಳೆಸೋ ಪತ್ರಿಕಿ ಮಾಡೋ ಮನ್ಯಾಗ ಅಂಟಿಲ್ಲ ಅಂದ್ರ ಏನ್ ಹೇಳಬೇಕ್ರಿ!" ಎಂದಳು ಕಸ್ತೂರಿ. "ಸೂಗಪ್ಪ ಸಾವುಕಾರ್ರು ನಾಳಿ ಮುಂಜಾನಿ ಬರ್ತಾರ. ನೆನಪದ ಇಲ್ಲೋ?"

ಬೀಜ-ಗೊಬ್ಬರದ ಅಂಗಡಿಯ ಸೂಗಪ್ಪ ಅವರ ಮಗಳು ನಂದಿನಿಯ ಲಗ್ನಪತ್ರಿಕೆ ಆ ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ಅದರ ಮೊದಲ ಕರಡಿನಲ್ಲಿ ಬೀಗರ ದೊಡ್ಡಪ್ಪನ ಹೆಸರು ಮೂರನೇ ಸಾಲಿಗೆ ಇಳಿದು, ಬೀಗರು ಮುನಿಸಿಕೊಂಡು, ಮಾತು ಲಗ್ನ ಮುರಿಯುವ ಮಟ್ಟಕ್ಕೆ ಹೋಗಿ ತಣ್ಣಗಾಗಿತ್ತು. ತಿದ್ದಿದ ಪತ್ರಿಕೆ ನೋಡಲೆಂದೇ ಸೂಗಪ್ಪ ಬರುವವರಿದ್ದರು.

ನಾನು ದೇವಿಂದ್ರಪ್ಪನ ಸ್ಟೇಷನರಿ ಅಂಗಡಿಗೆ ಓಡಿದೆ.

"ಎರಡೂ ಕಡೆ ಅಂಟೋ ಟೇಪ್ ಅದ ಏನಪಾ?"

"ಒಂದು ಕಡೆ ಅಂಟೋದು ಅದರಿ. ತಿರುವಿ ಹಚ್ಚಿದ್ರ ಇನ್ನೊಂದು ಕಡೆನೂ ಅಂಟ್ತದ," ಎಂದು ದೇವಿಂದ್ರಪ್ಪ ಕಂದು ಬಣ್ಣದ ಪ್ಯಾಕಿಂಗ್ ಟೇಪು ಕೈಗಿಟ್ಟ.

ಅದನ್ನು ಪರದೆಯ ನಾಲ್ಕೂ ಮೂಲೆಗೆ ಮೇಲಿನಿಂದಲೇ ಬಿಗಿದೆ. ಕಂಪ್ಯೂಟರು ತಲೆ ಒಡೆದುಕೊಂಡು ಪಟ್ಟಿ ಕಟ್ಟಿಸಿಕೊಂಡವರಂತೆ ಕಂಡಿತು. ಕಾಣಲಿ, ನಿಂತರೆ ಸಾಕಲ್ಲ! ನಿಲ್ಲಲಿಲ್ಲ. ನಲವತ್ತಮೂರು ಡಿಗ್ರಿಯ ಸೆಕೆಗೆ ಟೇಪಿನ ಗೋಂದು ಬೆವರಿ, ಪರದೆ ಇಂಚಿಂಚಾಗಿ ಜಾರುತ್ತ, ಸಂಜೆ ನಾನು ಚಹಾ ಕುಡಿಯುವ ಹೊತ್ತಿಗೆ ಮತ್ತೆ ನನ್ನ ಎದೆಗೆ ಬಂದು ಒರಗಿತು. ಇಷ್ಟೊಂದು ಪ್ರೀತಿ ನನಗೆ ಯಾರೂ ತೋರಿಸಿರಲಿಲ್ಲ!

ರವಿವಾರ ಮುಂಜಾನೆ ಸೂಗಪ್ಪ ಬಂದೇಬಿಟ್ಟರು. ಬೇರೆ ದಾರಿ ಇರಲಿಲ್ಲ. ಕಸ್ತೂರಿ ಕುರ್ಚಿಯಲ್ಲಿ ಕೂತಳು, ಸೂಗಪ್ಪ ಅವಳ ಪಕ್ಕದಲ್ಲಿ, ನಾನು ಮೇಜಿನ ಹಿಂದೆ ಎರಡೂ ಕೈಯಲ್ಲಿ ಪರದೆ ಹಿಡಿದು!

"ಇದೇನ್ರಿ ಶರಣಕುಮಾರ, ಭಾವಚಿತ್ರದ ಮೆರವಣಿಗಿ ಹೊಂಟೀರೇನು?"

"ಹೊಸಾ ಪದ್ಧತಿ ಅದರಿ ಸಾವುಕಾರ್ರೆ. ಕಣ್ಣಿಗೆ ತ್ರಾಸ ಆಗಬಾರ್ದಂತ," ಎಂದೆ.

ಸೂಗಪ್ಪ ಕನ್ನಡಕ ಏರಿಸಿ ಓದತೊಡಗಿದರು. ಸುಖಾಗಮನ ಬಯಸುವವರು ಅರವತ್ತನಾಲ್ಕು ಮಂದಿ. ಒಂದೊಂದು ಹೆಸರಿಗೂ ಒಂದೊಂದು ನೆನಪು! ಅನ್ನಮ್ಮ ಎಂದ ಕೂಡಲೇ ಅನ್ನಮ್ಮ ಅತ್ತೆಯ ಮಂಡಿನೋವು. ಮಾವನ ಹೆಸರು ಬಂದರೆ ಮಾವನ ಬೋರ್‌ವೆಲ್! ಇತ್ತ ನನ್ನ ಮೂಗಿನ ತುದಿಯ ಮೇಲೆ ಒಂದು ನೊಣ ಬಂದು ಕೂತಿತು. ಊದಿದೆ, ಅದು ಹಾರಿ ಮತ್ತೆ ಅಲ್ಲೇ ಕೂತಿತು. ಮೂವತ್ತೆಂಟನೇ ಹೆಸರಿಗೆ ನನ್ನ ಎಡಗೈ ಮರಗಟ್ಟಿತು. ಐವತ್ತಕ್ಕೆ ಬಲಗೈ ನಡುಗಿತು.

"ಅಕ್ಷರ ಕುಣಿಯಾಕತ್ಯಾವಲ್ಲ ತಂಗೀ!" ಎಂದರು ಸೂಗಪ್ಪ.

"ಲಗ್ನದ ಸಂಭ್ರಮ ನೋಡ್ರಿ ಕಾಕಾ, ಅವಕ್ಕೂ ಖುಷಿ," ಎಂದ ಕಸ್ತೂರಿ ಮೇಜಿನಡಿಯಿಂದ ನನ್ನ ಕಾಲು ತುಳಿದಳು.

ಏಳುವಾಗ ಸೂಗಪ್ಪ ಸಿಡಿಲು ಹಾಕಿದರು: "ನಾಳಿ ಸಂಜಿ ಐದಕ್ಕ ರಾಮಸಮುದ್ರದ ಬೀಗರನ್ನೂ ಕರ್ಕೊಂಡು ಬರ್ತೀನಿ. ಅವರ ಕಣ್ಣಿಂದ ಅವರೇ ನೋಡಿ ಹ್ಞೂಂ ಅಂದ ಮ್ಯಾಲೇ ಪ್ರೆಸ್ಸಿಗೆ. ಈ ಸಲ ತಪ್ಪಬಾರ್ದು ತಂಗೀ, ನನ್ನ ಮಗಳ ಜೀವನದ ಪ್ರಶ್ನಿ."

ಅವರು ಗೇಟು ದಾಟಿದ ಮೇಲೆ ಕಸ್ತೂರಿ ನನ್ನತ್ತ ತಿರುಗಿದಳು. ದನಿ ಏರಿಸಲಿಲ್ಲ, ಅದೇ ಭಯ.

"ಎಂಟು ವರ್ಷದಾಗ ನನ್ನ ಒಂದು ಪತ್ರಿಕಿ ತಡ ಆಗಿಲ್ಲ. ನಾಳಿ ಐದರೊಳಗ ಇದು ತನ್ನ ಕಾಲ ಮ್ಯಾಲ ತಾ ನಿಲ್ಲಬೇಕು. ಇಲ್ಲಾಂದ್ರ ಬೀಗರ ಮುಂದ ನೀವ ಹಿಡ್ಕೊಂಡು ನಿಲ್ರಿ. ಯಾರಿವ್ರು ಅಂದ್ರ, ಸ್ಟ್ಯಾಂಡ್ ಅಂತ ಹೇಳತೀನಿ."

ಹನ್ನೆರಡು ವರ್ಷದ ದಾಂಪತ್ಯದ ನಂತರ ಸ್ಟ್ಯಾಂಡ್! ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ.

ಸುರಪುರದಲ್ಲಿ ಗಾಡಿಗಳ ನಂಬರ್ ಪ್ಲೇಟ್ ಅಂಟಿಸುವ ಮನ್ಸೂರಅಲಿಯ ಹತ್ತಿರ ಜಬರದಸ್ತ್ ಟೇಪು ಇದೆಯೆಂದು ಕೇಳಿದ್ದೆ. ಮಟಮಟ ಮಧ್ಯಾಹ್ನ ಅವನ ಅಂಗಡಿ ಮುಟ್ಟಿದೆ. ಅವನು ಬೆರಳು ದಪ್ಪದ, ಸ್ಪಂಜಿನಂಥ ಟೇಪು ತೆಗೆದ.

"ಇದು ಹಚ್ಚಿದ್ರ, ಗಾಡಿ ಬಿದ್ದು ಚೂರಾದ್ರೂ ನಂಬರ್ ಮಾತ್ರ ಬೀಳಂಗಿಲ್ರಿ ಸರ್ರ. ಗ್ಯಾರಂಟಿ!"

ಗ್ಯಾರಂಟಿ ಸುಳ್ಳಾಗಲಿಲ್ಲ. ಮನೆಗೆ ಬಂದು ಅಂಟಿಸಿದರೆ ಪರದೆ ಗೋಡೆಯಂತೆ ನಿಂತಿತು! ಆದರೆ ಸುತ್ತಲೂ ಬೆರಳು ಹೋಗುವಷ್ಟು ಸಂದಿ ಬಿಟ್ಟು ನಿಂತಿತು. ಆ ಸಂದಿಯಲ್ಲಿ ಒಳಗಿನ ವಾಯರು, ಫ್ಯಾನು, ನನ್ನ ಮರ್ಯಾದೆ ಎಲ್ಲವೂ ಕಾಣುತ್ತಿದ್ದವು. ಕಸ್ತೂರಿ ಬಗ್ಗಿ ನೋಡಿದಳು.

"ಹಲ್ಲಿಗೆ ಬಾಡಗಿ ಮನಿ ಕಟ್ಟೀರೇನ್ರಿ?"

ಅದನ್ನು ಕೀಳಲು ಮತ್ತೆ ಕರ್ಚಿಕಾಯಿ ಗಾಲಿ. ಮೆತ್ತಿದ ಅಂಟಿಗೆ ಕೊಬ್ಬರಿ ಎಣ್ಣೆ. ಅಂದು ಸಂಜೆ ನನ್ನ ತಲೆಗಿಂತ ಕಂಪ್ಯೂಟರಿನ ತಲೆಯೇ ಹೆಚ್ಚು ಹೊಳೆಯುತ್ತಿತ್ತು.

ಸೋಮವಾರ ಕಚೇರಿಗೆ ಹೊಟ್ಟೆನೋವೆಂದು ಫೋನ್ ಮಾಡಿ, ಯಾದಗಿರಿಯ ಬಸ್ಸು ಹಿಡಿದೆ. ಸೀಟು ಸಿಗಲಿಲ್ಲ, ಭೀಮಾ ಸೇತುವೆ ದಾಟುವವರೆಗೂ ನೇತಾಡಿಕೊಂಡೇ ಹೋದೆ. ಸ್ಟೇಷನ್ ರಸ್ತೆಯ ನಾಲ್ಕು ಅಂಗಡಿಗಳಲ್ಲಿ ಕೇಳಿದೆ. ಒಬ್ಬ ಕರೆಂಟಿನ ಕಪ್ಪು ಟೇಪು ಕೊಟ್ಟ. ಒಬ್ಬ ಗಾಯದ ಪಟ್ಟಿ ತೋರಿಸಿದ! ಐದನೆಯದು ಮೊಬೈಲ್ ರಿಪೇರಿಯ ಅತೀಕನ ಅಂಗಡಿ. ಕುರ್ಚಿ ಹಾಕುವಷ್ಟೂ ಜಾಗವಿರಲಿಲ್ಲ. ನಾನು ಪರದೆ, ಅಂಚು, ಅಂಟು ಎಂದು ಕೈಯಾಡಿಸಿ ವಿವರಿಸುತ್ತಿದ್ದೆ. ಅವನು ತಲೆ ಎತ್ತದೆ ಕೇಳಿದ:

"ಎಷ್ಟು ಎಂ.ಎಂ. ಬೇಕ್ರಿ?"

ಆಹಾ! ಮೂರು ದಿನದಲ್ಲಿ ನನ್ನ ಭಾಷೆ ಮಾತಾಡಿದ ಮೊದಲ ಮನುಷ್ಯ! ಡ್ರಾಯರ್ ಎಳೆದ. ಒಳಗೆ ಕಪ್ಪು ಟೇಪಿನ ಸುರುಳಿಗಳು, ಕಾಗದದಷ್ಟು ತೆಳ್ಳಗೆ, ಎರಡೂ ಕಡೆ ಅಂಟು, ಸಣ್ಣದು, ದೊಡ್ಡದು, ಸಾಲಾಗಿ ಕೂತಿದ್ದವು. ನಿಧಿ ಸಿಕ್ಕವರು ಹೇಗೆ ನೋಡುತ್ತಾರೋ ಹಾಗೆ ನೋಡಿದೆ.

"ಮಾರೋದಲ್ರಿ ಇದು," ಎಂದು ಅತೀಕ ಡ್ರಾಯರ್ ಮುಚ್ಚಿದ. "ನಮ್ಮ ಧಂದಾನೇ ಇದರ ಮ್ಯಾಲ ಅದ. ನಾಳಿ ದಸ್ ಡಿಸ್‌ಪ್ಲೇ ಕೂಡಿಸಬೇಕು."

"ಅತೀಕಭಾಯ್," ಎಂದು ಕೈ ಮುಗಿದೆ, "ಐದು ಗಂಟೆಕ್ಕ ಬೀಗರು ಬರ್ತಾರ."

ಅವನ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ನಿಂತಿತು.

"ನಿಮ್ಮ ಬೀಗರಾ?"

"ಅಲ್ಲಪಾ. ಸೂಗಪ್ಪ ಸಾವುಕಾರರ ಬೀಗರು. ಒಮ್ಮೆ ಮುನಿಸ್ಕೊಂಡಾರ."

"ಅರೇ! ಹಿಂಗ್ ಮೊದ್ಲೇ ಹೇಳಬೇಕಲ್ರಿ! ಹುಡುಗಿ ಕಡೆಯವ್ರ ಇಜ್ಜತ್ ಅಂದ್ರ ಸಣ್ಣ ಮಾತೇನ್ರಿ?" ಎಂದವನೇ ಡ್ರಾಯರ್ ತೆರೆದು ಅಗಲವಾದ ಸುರುಳಿಯೊಂದನ್ನು ನನ್ನ ಕೈಗಿಟ್ಟ. "ಹಳೇ ಗಮ್ ಸ್ಪಿರಿಟ್ ಹಚ್ಚಿ ಸಾಫ್ ಮಾಡ್ರಿ. ಎಣ್ಣಿ ಗಿಣ್ಣಿ ಹಚ್ಚೀರಿ ಮತ್ತ!"

ಕೊಬ್ಬರಿ ಎಣ್ಣೆಯ ಸುದ್ದಿ ನಾನು ಎತ್ತಲಿಲ್ಲ.

ಮನೆ ಮುಟ್ಟಿದಾಗ ಮೂರೂವರೆ. ಕಸ್ತೂರಿ ಸ್ಪಿರಿಟಿನಿಂದ ಒರೆಸಿದಳು, ನಾನು ಅಳತೆ ಹಿಡಿದು ಕತ್ತರಿಸಿದೆ. ಅವಳು ಮೇಲಿನ ಕಾಗದ ಸುಲಿದಳು, ನಾನು ಉಸಿರು ಬಿಗಿ ಹಿಡಿದು ಪರದೆ ಇಟ್ಟೆ. ಇಬ್ಬರೂ ನಾಲ್ಕು ಕೈಯಿಂದ ಸುತ್ತಲೂ ಒತ್ತಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಲಗ್ನದಲ್ಲೂ ಇಷ್ಟು ಹೊತ್ತು ನೋಡಿರಲಿಲ್ಲ!

"ಕೈ ಬಿಡ್ಲೇನು?" ಎಂದೆ.

"ಬಿಡ್ರಿ. ದೇವ್ರೇ ಶರಣಬಸಪ್ಪಾ, ನೀನ ಕಾಯಪ್ಪಾ!"

ಬಿಟ್ಟೆವು. ನಿಂತಿತು! ತಟ್ಟಿದೆ, ಅಲ್ಲಾಡಲಿಲ್ಲ. ಮೇಜನ್ನೇ ಅಲ್ಲಾಡಿಸಿದೆ, ಮೇಜು ಅಲ್ಲಾಡಿತು, ಪರದೆ ಅಲ್ಲಾಡಲಿಲ್ಲ! ಸಂದಿಯಲ್ಲಿ ಕಾಗದವೂ ತೂರಲಿಲ್ಲ. ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು.

ಬೀಗರು ಬಿಳಿ ರುಮಾಲು ಸುತ್ತಿದ ಭಾರಿ ಆಳು. ಬಂದವರೇ ಪರದೆಯ ಮುಂದೆ ಕೂತು, "ದೊಡ್ಡಪ್ಪ ಎಲ್ಲಿ ಅದಾರ?" ಎಂದರು. ಕಸ್ತೂರಿ ಒಂದು ಬೆರಳು ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪತ್ರಿಕೆ ತೆರೆದು, ದೊಡ್ಡಪ್ಪ ಮೊದಲನೇ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಮಿಂಚಿದರು. ಸೂಗಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬೀಗರ ಮುಖ ಅರಳಿತು.

"ಹ್ಞೂಂ. ಚಲೋ ಆಗ್ಯಾದ," ಎಂದರು. "ನಮ್ಮ ಮಗಾನೂ ಇಂಥಾದೇ ಡಬ್ಬಿ ತಂದಾನ್ರಿ. ಆದ್ರ ಅದು ಇಷ್ಟು ಫಾಸ್ಟ್ ಇಲ್ಲ."

ಇನ್ನು ನನ್ನನ್ನು ತಡೆಯುವವರು ಯಾರು! ಬಿಸಿಲಿನ ಪ್ರಯೋಗದಿಂದ ಹಿಡಿದು ಯಾದಗಿರಿಯ ಟೇಪಿನವರೆಗೆ ಎಲ್ಲವನ್ನೂ ವರ್ಣಿಸಿದೆ. ಬೀಗರು ಚಹಾ ಕುಡಿಯುವುದನ್ನೂ ಮರೆತು ಕೇಳಿದರು.

"ಏನ್ ಧೈರ್ಯ! ಐತವಾರ ನಮ್ಮ ಮನಿಗೆ ಊಟಕ್ಕ ಬರ್ರಿ. ಅದನ್ನೂ ನೀವ ಬಿಚ್ಚಿ ಕೊಡಬೇಕು."

"ಅದೆಷ್ಟರ ಮಾತು ಬಿಡ್ರಿ!" ಎಂದೆ.

ಅವರು ಹೋದ ಮೇಲೆ ಕಸ್ತೂರಿ ಪತ್ರಿಕೆಯನ್ನು ಪ್ರೆಸ್ಸಿಗೆ ಕಳಿಸಿದಳು. ನಾನು ಕೇಳದೆಯೇ ಎರಡನೇ ಕಪ್ ಚಹಾ ತಂದು ಕೊಟ್ಟು, "ಒಟ್ಟಿನ್ಯಾಗ ಗೆದ್ರಿ ಬಿಡ್ರಿ," ಎಂದಳು. ನಾನು ಕುರ್ಚಿಯಲ್ಲಿ ಹಿಂದಕ್ಕೊರಗಿ ಗೆಲುವಿನ ಮೊದಲ ಗುಟುಕು ಕುಡಿದೆ. ಅವಳು ಕಂಪ್ಯೂಟರ್ ಆರಿಸಿ, ಮೇಜನ್ನು ಗೋಡೆಗೆ ಸರಿಸಲೆಂದು ಹಿಂದಿನ ವಾಯರು ಕಿತ್ತಳು.

"ಏನ್ರೀ, ಈ ವಾಯರ್ ಚುಚ್ಚೋ ತೂತಿನ ಬಾಜೂಕ ಒತ್ತೋ ಸಣ್ಣ ಗುಂಡಿ ಅದ."

"ಮುಟ್ಟಬ್ಯಾಡ! ಭಾಳ ಸೂಕ್ಷ್ಮ ಜಾಗ ಅದು! ನಮ್ಮಂಥವರಿಗಷ್ಟ..."

ಟಕ್!

ಅವಳ ಒಂದೇ ಬೆರಳಿಗೆ ಕಂಪ್ಯೂಟರಿನ ಬೆನ್ನಿನಲ್ಲಿ ಅಂಗೈ ಅಗಲದ ಪುಟ್ಟ ಬಾಗಿಲು ತೆರೆದುಕೊಂಡಿತು. ಒಳಗೆ ನನ್ನ ಎರಡು ಮೆಮೊರಿ ಪಟ್ಟಿಗಳು ಹಾಯಾಗಿ ಕೂತಿದ್ದವು! ನಾನು ನೋಡಿದ ವಿಡಿಯೊ ಇದೇ ಕಂಪನಿಯ ಸಣ್ಣ ಕಂಪ್ಯೂಟರಿನದಂತೆ; ಈ ದೊಡ್ಡದಕ್ಕೆ ಪರದೆಯ ಗೊಡವೆಯೇ ಬೇಡವಂತೆ. ಆಮೇಲೆ ತಿಳಿಯಿತು.

ಕಸ್ತೂರಿ ಬಾಗಿಲಿನ ಒಳಬದಿಗೆ ಕಣ್ಣಿಟ್ಟಳು. "ಚಿತ್ರನೂ ಬರದಾರ್ರಿ. ಬಾಣದ ಗುರ್ತು ಹಾಕಿ, ಇಲ್ಲಿ ಒತ್ತು, ಇಲ್ಲಿ ಸಿಗಿಸು ಅಂತ. ಓದಾಕ ಬರದವರಿಗೂ ತಿಳೀತದ."

ನಾನು ಚಹಾದ ಕಪ್ ಕೆಳಗಿಟ್ಟೆ. ಅವಳು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮೇಜಿನ ಮೇಲಿದ್ದ ನನ್ನ ಸ್ಕ್ರೂಡ್ರೈವರು, ಕರ್ಚಿಕಾಯಿ ಗಾಲಿ, ಟೇಪಿನ ಸುರುಳಿ ಎಲ್ಲವನ್ನೂ ಒಂದೊಂದಾಗಿ ಎತ್ತಿ ಕಪಾಟಿನೊಳಗಿಟ್ಟು ಕೀಲಿ ಹಾಕಿದಳು.

"ಐತವಾರ ಬೀಗರ ಮನಿಗೆ ಹೋಗೂವಾಗ ಇವ್ಯಾವೂ ಒಯ್ಯಬ್ಯಾಡ್ರಿ," ಎಂದಳು. "ಒಂದು ಬೆರಳು ತಗೊಂಡು ಹೋಗ್ರಿ, ಸಾಕು!"