ಮನೆಯ ತಿಪ್ಪೆಯನ್ನು ನುಂಗಿ ಸುಮ್ಮನಿರುವ ಗುಂಡಿಗೆ

ಹೊಳೆನರಸೀಪುರ ತಾಲ್ಲೂಕು,
ವಿಳಂಬಿ ಸಂವತ್ಸರದ ಮಾರ್ಗಶಿರ (೧೯೫೮)

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಶರೀರದಿಂದ ನಮ್ಮ ಮನೆಯ ಮುಂದಿನ ಬಯಲಿನಲ್ಲಿ ಬಿಜಯಂಗೈದಿರುವ ಮಾನ್ಯ ಕಾಂಪೋಸ್ಟ್ ಗುಂಡಿಯವರೇ,

ತಮಗೂ, ತಮ್ಮ ಪಕ್ಕದಲ್ಲಿ ಪಾಂಡವರಂತೆ ಸಾಲಾಗಿ ಮಲಗಿರುವ ನಾಲ್ವರು ತಮ್ಮಂದಿರಿಗೂ ಈ ಮನೆಯ ಯಜಮಾನಿಯ ಸಾದರ ನಮಸ್ಕಾರಗಳು. ಮಣ್ಣು ಮೆತ್ತಿದ ತಮ್ಮ ಮುಖ ಬಿರುಕಿಲ್ಲದೆ ಇರುವುದರಿಂದ ತಾವು ಕ್ಷೇಮವೆಂದು ತಿಳಿದಿದ್ದೇನೆ. ನಾವು ಕ್ಷೇಮವಾಗಿಲ್ಲ. ಅದಕ್ಕೆ ತಾವೇ ಕಾರಣರಾದ್ದರಿಂದ, ಹಿರಿಯರಾದ ತಮ್ಮನ್ನೇ ಉದ್ದೇಶಿಸಿ, ಊರವರೆಲ್ಲ ಓದಿಕೊಳ್ಳಲೆಂದು ಚಾವಡಿಯ ಗೋಡೆಗೆ ಅಂಟಿಸುವ ಈ ಪತ್ರವನ್ನು ಬರೆಯುತ್ತಿದ್ದೇನೆ.

ತಾವು ಈ ಮನೆಗೆ ಬಂದದ್ದು ನನ್ನ ಒಪ್ಪಿಗೆಯಿಂದಲೇ ಎಂಬುದನ್ನು ಮರೆಮಾಚುವುದಿಲ್ಲ. ಭಾದ್ರಪದದಲ್ಲಿ ಸೈಕಲ್ ತುಳಿದುಕೊಂಡು ಬಂದ ಗ್ರಾಮಸೇವಕರು, ಆನೆ ಮಲಗಿದಂತೆ ಬೀದಿಯ ಮಗ್ಗುಲಲ್ಲಿ ಬಿದ್ದಿದ್ದ ನಮ್ಮ ತಿಪ್ಪೆಯನ್ನು ನೋಡಿ, ಯಾರೋ ಸತ್ತವರ ಮುಂದೆ ನಿಂತವರಂತೆ ಮುಖ ಮಾಡಿಕೊಂಡು, “ಅಮ್ಮಾವ್ರೇ, ಬಿಸ್ಲಲ್ಲಿ ಬಿದ್ದಿರೋ ಗೊಬ್ಬರ ಮುಚ್ಚಳ ಇಲ್ದೆ ಕುದ್ಯೋ ಸಾರಿದ್ದಂಗೆ. ಘಮ ಊರಿಗೆ, ಚಪ್ಪೆ ಮನೆಗೆ” ಎಂದರು. ಸಾರಜನಕವೆಂಬುದು ಆವಿಯಾಗಿ ಹೋಗುತ್ತಿದೆ, ಗುಂಡಿ ತೆಗೆದು ಪದರ ಪದರವಾಗಿ ಮುಚ್ಚಿಟ್ಟರೆ ಯುಗಾದಿಯ ಹೊತ್ತಿಗೆ ಎರಡರಷ್ಟು ಸತ್ವದ ಗೊಬ್ಬರವಾಗುತ್ತದೆ ಎಂದು ವಿವರಿಸಿದರು. ಹಾಸನದ ಹೈಸ್ಕೂಲಿನಲ್ಲಿ ಸಾರಜನಕದ ಪಾಠವನ್ನು ಬಾಯಿಪಾಠ ಒಪ್ಪಿಸಿದ ನಾನು ಅದನ್ನು ಅಲ್ಲಗಳೆಯುವುದು ಹೇಗೆ? ನಮ್ಮ ಹೊಲದ ಆರಂಬ ನೋಡಿಕೊಳ್ಳುವ ಬೈರಯ್ಯ ಮಾತ್ರ ಗುದ್ದಲಿಯನ್ನು ಕೆಳಗಿಟ್ಟು, “ಉಂಡೋರ ಮನೆ ಎಂಜ್ಲೆಲೆ ಬೀದೀಲಿ ಕಾಣ್ಬೇಕು ಕಣವ್ವಾ. ಮುಚ್ಚಾಕ್ಬುಟ್ರೆ ಉಪಾಸ ಅವ್ರೆ ಅಂತಾರೆ” ಎಂದ. ಅವನಿಗೇನು ಗೊತ್ತು ಸಾರಜನಕ ಎಂದು ನಾನು ನಕ್ಕುಬಿಟ್ಟೆ.

ಆಮೇಲೆ ತಮ್ಮ ಹಸಿವನ್ನು ಕಣ್ಣಾರೆ ಕಂಡೆ. ಒಂದು ಪದರ ಕಸ, ಒಂದು ಪದರ ರಾಗಿಯ ಕೂಳೆ, ಅದರ ಮೇಲೆ ಸಗಣಿಯ ಬಗ್ಗಡ, ಒಲೆಯ ಬೂದಿ, ಮತ್ತೆ ಕಸ. ಹೀಗೆ ಐವರೂ ಸೇರಿ, ನನ್ನ ಅತ್ತೆಯ ಕಾಲದಿಂದ ಒಂದು ದಿನವೂ ಬರಿದಾಗದ ತಿಪ್ಪೆಯನ್ನು ಹನ್ನೊಂದು ದಿನಗಳಲ್ಲಿ ಮುಗಿಸಿ, ಮೇಲೆ ಮಣ್ಣು ಮೆತ್ತಿಸಿಕೊಂಡು, ಬಾಯಿ ಒರೆಸಿಕೊಂಡವರಂತೆ ನೆಲಸಮವಾಗಿ ಮಲಗಿದಿರಿ. ದೀಪಾವಳಿಯಲ್ಲಿ ತಿಪ್ಪೆಗೆ ಇಡಬೇಕಾದ ಹುಚ್ಚೆಳ್ಳಿನ ಹೂವನ್ನು ಹಿಡಿದುಕೊಂಡು ನಾನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಾಗ, ತಾವು ಒಂದು ಸಣ್ಣ ಉಬ್ಬನ್ನಾದರೂ ತೋರಿಸುವ ಸೌಜನ್ಯ ಮಾಡಲಿಲ್ಲ.

ಅದನ್ನೂ ಸಹಿಸಿದೆ. ಆದರೆ ತಾವು ಈ ಸೀಮೆಗೆ ಹೊಸಬರಾದ್ದರಿಂದ ನಮ್ಮ ಪದ್ಧತಿಯೊಂದನ್ನು ತಿಳಿಸಬೇಕಾಗಿದೆ. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ, ಅಲ್ಲಿಂದ ಚನ್ನರಾಯಪಟ್ಟಣದವರೆಗೆ, ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದು ಎಷ್ಟು ದನ, ಎಷ್ಟು ಹೊಲ ಎಂದು ಕೇಳುವುದಿಲ್ಲ. ಕೇಳಿದರೆ ಅವರ ಮರ್ಯಾದೆ ಹೋಗುತ್ತದೆ, ಹೇಳಿದರೆ ನಮ್ಮದು ಹೋಗುತ್ತದೆ. ಅವರು ಜಗುಲಿಯ ಮೇಲೆ ಕುಳಿತು, ಎಲೆಗೆ ಸುಣ್ಣ ಸವರುತ್ತ, ತಿಪ್ಪೆಯ ಕಡೆಗೊಮ್ಮೆ ಕಣ್ಣು ಹಾಯಿಸುತ್ತಾರೆ. ತಿಪ್ಪೆ ದನವನ್ನು ಹೇಳುತ್ತದೆ, ದನ ಹೊಲವನ್ನು ಹೇಳುತ್ತದೆ, ಹೊಲ ಕಣಜವನ್ನು ಹೇಳುತ್ತದೆ. ನಾನೇ ನನ್ನ ಮಗಳಿಗೆ ಬಂದ ಅರಕಲಗೂಡಿನ ಸಂಬಂಧವನ್ನು, ಕೋಳಿ ಒಂದೇ ನೆಗೆತಕ್ಕೆ ದಾಟಿದ ತಿಪ್ಪೆಯನ್ನು ನೋಡಿ, ಮಜ್ಜಿಗೆಯನ್ನಷ್ಟೇ ಕುಡಿದು, ಬೇಡವೆಂದು ಬಿಟ್ಟು ಎದ್ದುಬಂದವಳು.

ಕಳೆದ ಗುರುವಾರ ಚನ್ನರಾಯಪಟ್ಟಣದ ಕಡೆಯಿಂದ ರಾಮಣ್ಣನವರೂ ಅವರ ತಂಗಿ ಬೆಟ್ಟಮ್ಮನವರೂ ನಮ್ಮ ಹಿರಿಯ ಮಗ ಚನ್ನಪ್ಪನ ಮನೆ ನೋಡಲು ಬಂದರು. ರಾಮಣ್ಣನವರ ಮಗಳು ಕಮಲಾಕ್ಷಿಯನ್ನು ನಾವು ಮೊದಲೇ ನೋಡಿ ಒಪ್ಪಿದ್ದೆವು. ನಾನು ನೋಡಿದ ಹದಿನಾಲ್ಕು ಹುಡುಗಿಯರಲ್ಲಿ ನನ್ನ ಮುಖ ನೋಡಿ ಉತ್ತರ ಕೊಟ್ಟವಳು ಅವಳೊಬ್ಬಳೇ. ದನಗಳು ಕೆರೆಯ ಹಿಂದೆ ಮೇಯಲು ಹೋಗಿದ್ದ ಹೊತ್ತು. ರಾಮಣ್ಣನವರು ಬಯಲಿನಲ್ಲಿ ಸುತ್ತ ನೋಡಿ, “ಮನೆ ಏನೋ ದೊಡ್ಡದೇ ಅದೆ. ತಿಪ್ಪೆ ಎಲ್ಲವ್ವಾ, ಕಾಣೆ” ಎಂದರು. “ನೀವು ನಿಂತಿರೋದೇ ಅದ್ರ ಮ್ಯಾಲೆ ಸಾ” ಎಂದ ಬೈರಯ್ಯ. ಅವರು ಒಂದೊಂದೇ ಕಾಲೆತ್ತಿ ಕೆಳಗೆ ನೋಡಿದರು. “ನೆಲ ಕಾಣ್ತದೆ ಕಣಯ್ಯ.” “ಒಳಗದೆ ಸಾ.” ಆಗ ಬೆಟ್ಟಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಆದರೂ ನನಗೆ ಕೇಳುವ ಹಾಗೆ, “ಒಳಗವೆ ಅಂತ ಬಾಯ್ಮುಚ್ಕಂಡೇ ನಮ್ಮೂರ ಬೋಡುಬಾಯಿ ಸಾನುಬಾಗ ಎರಡ್ನೆ ಮದ್ವೆ ಆದ ಕಣಣ್ಣ. ಹಲ್ಲು ಕಂಡೋರ್ಯಾರು?” ಎಂದರು.

ಒಬ್ಬಟ್ಟು ಎಲೆಯಲ್ಲೇ ಉಳಿಯಿತು. ಅವರು ಮಜ್ಜಿಗೆ ಕುಡಿದು ಎದ್ದುಹೋದರು.

ಇಂಥ ಸಂದರ್ಭದಲ್ಲಿ ತಾವು ತೋರಿದ ಸಂಯಮವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೂವತ್ತು ರಾಸುಗಳ ಸಗಣಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬೀಗರಾಗಬೇಕಾದವರು ಎದೆಯ ಮೇಲೆ ಚಪ್ಪಲಿ ಹಾಕಿ ನಿಂತಾಗಲೂ ಒಂದು ಎಳೆ ಹೊಗೆಯನ್ನಾಗಲಿ, ಒಂದಿಷ್ಟು ವಾಸನೆಯನ್ನಾಗಲಿ ಹೊರಬಿಡದ ತಮ್ಮಂಥ ಗಂಭೀರರನ್ನು ನಾನು ನಮ್ಮ ನೆಂಟರಲ್ಲಿ ಕಂಡಿಲ್ಲ. ನನ್ನ ನಾದಿನಿಯರು ತಮ್ಮಲ್ಲಿ ಶಿಷ್ಯವೃತ್ತಿ ಮಾಡಬೇಕಾಗಿತ್ತು. ಮನೆಯ ಗುಟ್ಟನ್ನು ಕಾಯುವವರು ಬೇಕೆಂದು ನಾನು ದೇವರಲ್ಲಿ ಬೇಡಿಕೊಂಡದ್ದುಂಟು. ಮನೆಯ ಕೀರ್ತಿಯನ್ನೇ ಗುಟ್ಟು ಮಾಡುವವರು ಬರುತ್ತಾರೆಂದು ತಿಳಿದಿರಲಿಲ್ಲ.

ಈಗ ನಾವು ದನಗಳನ್ನೆಲ್ಲ ಮಾರಿಕೊಂಡಿದ್ದೇವೆ ಎಂಬ ಸುದ್ದಿ ಸಂತೆಯವರೆಗೂ ಮುಟ್ಟಿದೆ. ಎದುರುಮನೆಯ ಮುದ್ದಮ್ಮ, “ಬೇಕಾರೆ ನಮ್ಮ ತಿಪ್ಪೇನೇ ಎಲ್ಡು ದಿನ ತಕ್ಕಂಡೋಗಿ ಆಕ್ಕಳ್ಳಿ. ಲಗ್ನ ಕಟ್ಸಿದ್ಮ್ಯಾಲೆ ತಂದು ಸುರ್ದ್ರಾಯ್ತು” ಎಂದು ದೊಡ್ಡ ಮನಸ್ಸಿನಿಂದ ಹೇಳಿಕಳುಹಿಸಿದ್ದಾಳೆ. ಮುದ್ದಮ್ಮನ ಸಗಣಿಯಿಂದ ಸೊಸೆ ತರುವ ಕಾಲ ನನಗಿನ್ನೂ ಬಂದಿಲ್ಲ. ಚನ್ನಪ್ಪ ಯಾರ ಮೇಲೂ ದೂರು ಹೇಳುವುದಿಲ್ಲ. ಮುದ್ದೆಯನ್ನು ಮುರಿದು, ಹಾಗೆಯೇ ಬಿಟ್ಟು ಎದ್ದುಹೋಗುತ್ತಾನೆ. ಅದನ್ನು ದಿನಕ್ಕೆ ಎರಡು ಸಲ ನೋಡುವವಳು ನಾನು, ತಾವಲ್ಲ.

ಆದಕಾರಣ ತಮ್ಮಲ್ಲಿ ನನ್ನ ವಿಜ್ಞಾಪನೆ: ತಾವು ಒಂದು ಮಧ್ಯಾಹ್ನದ ಮಟ್ಟಿಗೆ ತಮ್ಮಂದಿರೊಡನೆ ಎದ್ದು, ಬೀದಿಯ ಮಗ್ಗುಲಲ್ಲಿ ಮೊದಲಿನಂತೆ ಆನೆಯಾಕಾರದಲ್ಲಿ ಮಲಗಿ, ರಾಮಣ್ಣನವರು ನೋಡಿ ಹೋದ ಮೇಲೆ ಪದರ ತಪ್ಪದಂತೆ ಒಳಗಿಳಿಯಬೇಕು. ಅದು ಶ್ರಮವೆನಿಸಿದರೆ ತಾವೇ ಚನ್ನರಾಯಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ, ಬೆಟ್ಟಮ್ಮನವರ ಮುಂದೆ ಬಾಯಿ ತೆರೆದು ಹಲ್ಲು ತೋರಿಸಿ ಬರಬಹುದು. ಎರಡೂ ಆಗದಿದ್ದರೆ ಬರುವ ಶುಕ್ರವಾರ, ರಾಮಣ್ಣನವರನ್ನು ಕರೆಸಿ, ಅವರ ಕಣ್ಣೆದುರಿಗೆ ಬೈರಯ್ಯನ ಕೈಯಿಂದ ತಮ್ಮ ಬಾಯನ್ನು ನಾನೇ ತೆರೆಸುತ್ತೇನೆ. ಅವಧಿಗೆ ಮುಂಚೆ ತೆರೆದರೆ ಸಾರಜನಕ ಹಾರಿಹೋಗುತ್ತದೆಂದು ಗ್ರಾಮಸೇವಕರು ಎರಡು ಸಲ ಬಂದು ಎಚ್ಚರಿಸಿದ್ದಾರೆ. ಹಾರಿಹೋಗಲಿ. ಒಂದು ವರ್ಷ ರಾಗಿ ತೆಳುವಾದರೆ ಗಂಜಿ ಕಾಯಿಸಿ ಕುಡಿದೇನು. ಆ ಹುಡುಗಿ ಬೇರೆ ಮನೆಗೆ ಹೋದರೆ ಮರುವರ್ಷ ಬಿತ್ತಿ ಬೆಳೆಯುವಂತಿಲ್ಲ.

ಸೊಸೆ ಹೊಸ್ತಿಲು ದಾಟುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಕಾಮಾಕ್ಷಮ್ಮ

ವಿ.ಸೂ.: ಅಂಟಿಸಲು ಗೋಂದು ಕಾಯಿಸುವಷ್ಟರಲ್ಲಿ ಶುಕ್ರವಾರ ಬಂದುಹೋಯಿತು. ತಮ್ಮ ಬಾಯಿ ತೆರೆದಾಗ ಬಂದ ಬಿಸಿ ಉಗಿಗೆ ಬೆಟ್ಟಮ್ಮನವರು ಮೂರು ಹೆಜ್ಜೆ ಹಿಂದೆ ಸರಿದರು. ಗ್ರಾಮಸೇವಕರು ಸೈಕಲ್ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದರು. ರಾಮಣ್ಣನವರು ಐವರ ಬಾಯನ್ನೂ ತೆರೆಸಿ, ಮೊಣಕೈವರೆಗೆ ಕೈಯಿಳಿಸಿ, ಕರಿಯ ಹಿಡಿಯೊಂದನ್ನು ಹಿಸುಕಿ ನೋಡಿ, “ಇದ್ರ ಮುಂದೆ ನಮ್ದು ಬರೀ ಬೂದಿ ಕಣವ್ವಾ” ಎಂದು ಅಲ್ಲಿಯೇ ಹೆಣ್ಣು ಕೊಡುವ ಮಾತು ಕೊಟ್ಟರು. ಗ್ರಾಮಸೇವಕರು ಮುಖ ಅರಳಿಸಿ, ಹಾಗಾದರೆ ನಿಮ್ಮೂರಿನಲ್ಲೂ ಗುಂಡಿ ತೆಗೆಸೋಣವೇ ಎಂದು ರಾಮಣ್ಣನವರನ್ನು ಕೇಳಿದ್ದಕ್ಕೆ, “ನಂಗಿನ್ನೂ ಇಬ್ರು ಗಂಡುಮಕ್ಳು ಮದ್ವೆಗವ್ರೆ ಕಣಪ್ಪ. ಅವ್ರದಾಗೋಗ್ಲಿ, ಆಮ್ಯಾಲೆ ಬೇಕಾರೆ ನನ್ನೂ ಸೇರ್ಸಿ ಊಳು” ಎಂದರು. ಚನ್ನಪ್ಪನಿಗೂ ಒಬ್ಬ ತಮ್ಮನಿದ್ದಾನೆಂಬುದು ನನಗೆ ಆಗ ನೆನಪಾಯಿತು. ಅವನ ಮದುವೆಯಾಗುವ ತನಕ ತಮ್ಮಲ್ಲಿ ಒಬ್ಬರಿಗೆ ಮಾತ್ರ ಊಟ, ಮಿಕ್ಕ ಸಗಣಿಯೆಲ್ಲ ಬೀದಿಯ ಮಗ್ಗುಲಿನ ತಿಪ್ಪೆಗೆ. ಉಪವಾಸವಿರಬೇಕಾದ ನಾಲ್ವರು ಯಾರೆಂಬುದನ್ನು ತಾವೇ ಮಾತಾಡಿ ತೀರ್ಮಾನಿಸಿಕೊಳ್ಳತಕ್ಕದ್ದು.