ಕುಕ್ಕರಿಗೆ ಕಟ್ಟಿದ ಕೆಂಪು ಚೀಟಿ

ಈ ಹೈದರಾಬಾದಿನಲ್ಲಿ ನಮ್ಮ ಮಾಮಾನಿಗಿಂತ ಅಂಜುಬುರುಕರು ಇನ್ನೊಬ್ಬರು ಸಿಕ್ಕರೆ ಹೇಳಿ, ನಾನೇ ಕರೆದುಕೊಂಡು ಹೋಗಿ ಇರಾನಿ ಚಹಾ ಕುಡಿಸುತ್ತೇನೆ! ನೀವು ನಾವೆಲ್ಲ ಪುಕ್ಕಟೆ ಅಂಜುತ್ತೇವೆ. ನಮ್ಮ ಮಾಮಾ ಅಂಜುವುದಕ್ಕೆ ಸಂಬಳ ಬರುತ್ತದೆ. ಅಣು ವಿದ್ಯುತ್ ಸ್ಥಾವರಗಳಿಗೆ ಹೋಗಿ ಅಲ್ಲಿನ ಪಂಪು, ವಾಲ್ವು, ಅಲಾರಂ ಎಲ್ಲ ನೆಟ್ಟಗಿವೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಯಾವುದು ಕೆಡಬಹುದು, ಕೆಟ್ಟರೆ ಏನಾಗಬಹುದು, ಆಗ ಕೈಹಿಡಿಯಲೆಂದು ಇಟ್ಟದ್ದೂ ಕೆಟ್ಟರೆ ಗತಿಯೇನು ಎಂದು ದಿನವಿಡೀ ಕೆಟ್ಟದ್ದನ್ನೇ ಯೋಚಿಸುವ ಮನುಷ್ಯ, ಮನೆಗೆ ಬಂದ ಮೇಲೆ ಸುಮ್ಮನಿರುತ್ತಾರೆಯೆ?

ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ಬ್ಯಾಂಕಿನ ಕೆಲಸಕ್ಕೆಂದು ಕಲಬುರಗಿಯಿಂದ ಬಂದ ನಾನು ಕೊಂಡಾಪುರದ ಅವರ ಫ್ಲ್ಯಾಟಿನಲ್ಲೇ ಉಳಿದುಕೊಂಡಿದ್ದೇನೆ. ಬಂದ ದಿನ ಚೀಲ ಕೆಳಗಿಟ್ಟು, "ಬಚ್ಚಲಾ ಎಲ್ಲೈತಿ ಮಾಮಾ?" ಎಂದು ಕೇಳಿದೆ.

"ಮೊದಲ ಹೊರಗ ಹೋಗೋ ಎರಡು ದಾರಿ ನೋಡ್ಕೋವಾ. ಬಚ್ಚಲಾ ಎಲ್ಲೀಗೂ ಓಡಿ ಹೋಗಂಗಿಲ್ಲ" ಎಂದರು.

ಮೊದಲ ದಾರಿ ಬಾಗಿಲು. ಎರಡನೆಯದು ಪಕ್ಕದ ಮನೆಯವರ ಬಾಲ್ಕನಿ ಹಾಯ್ದು ಹೋಗುತ್ತದೆ. ಆ ವಿಷಯ ಪಕ್ಕದ ಮನೆಯವರಿಗೆ ಇನ್ನೂ ಗೊತ್ತಿಲ್ಲ!

ಲಿಫ್ಟಿನ ಕಥೆ ಕೇಳಿ. ರಿಪೇರಿಗೆ ಬಂದ ಮೆಕ್ಯಾನಿಕ್ಕನನ್ನು ಮಾಮಾ ಹಿಡಿದುಕೊಂಡರು. ಬ್ರೇಕು ಎಷ್ಟಿವೆ ಎಂದು ವಿಚಾರಿಸಿದರು. ಅವನು ನಗುತ್ತ, "ಏಕ್ ಹೈ ನಾ ಸಾಬ್, ಕಾಫೀ ಹೈ" ಎಂದ, ಒಂದಿದೆಯಲ್ಲ, ಸಾಕು ಎಂಬಂತೆ. "ಒಂದಾ ಇದ್ರ ಒಂದೂ ಇಲ್ಲಂತ ತಿಳೀಬೇಕಪಾ" ಎಂದು ಶುರುಮಾಡಿದ ಮಾಮಾ, ಹಗ್ಗ ಹೇಗೆ ಸವೆಯುತ್ತದೆ, ಬೋಲ್ಟು ಹೇಗೆ ಸಡಿಲಾಗುತ್ತದೆ ಎಂದು ಅವನ ಭಾಷೆಯಲ್ಲೇ ತಿಳಿಸಿ ಹೇಳಿದರು. ರಿಪೇರಿ ಮುಗಿಸಿದ ಆ ಮೆಕ್ಯಾನಿಕ್ ತನ್ನ ಸಾಮಾನು ಹೊತ್ತುಕೊಂಡು ಮೆಟ್ಟಿಲಿಳಿದು ಹೋದ.

ಇನ್ನು ಕುಕ್ಕರು. ಅತ್ತಿ, ಅಂದರೆ ಮಾಮಾನ ಹೆಂಡತಿ, ಒಲೆಯ ಮೇಲೆ ಕುಕ್ಕರಿಟ್ಟರೆಂದರೆ ಮಾಮಾ ಪೇಪರು ಹಿಡಿದು ಬಾಲ್ಕನಿ ಸೇರಿದರೆಂದೇ ಲೆಕ್ಕ. ಕೊನೆಯ ಸೀಟಿ ಹೊಡೆದು ಅದು ತಣ್ಣಗಾಗುವವರೆಗೆ ಅಡುಗೆಮನೆಯ ಹೊಸ್ತಿಲು ತುಳಿಯುವುದಿಲ್ಲ. "ಊರಾನ ಅಣು ಕಾಯೋ ಗಂಡಸು, ಬ್ಯಾಳಿಗೆ ಅಂಜತಾನ" ಎಂದು ಅತ್ತಿ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದರು. "ಅಲ್ಲಿ ಬಿಸಿ ತಡಿಯಾಕ ನಾಕು ಗ್ವಾಡಿ ಅದಾವ. ನಿನ್ನ ಕುಕ್ಕರಿಗೆ ಏನೈತಿ?" ಎಂದು ಬಾಲ್ಕನಿಯಿಂದ ಉತ್ತರ ಬರುತ್ತಿತ್ತು.

ಇದೆಲ್ಲ ನಕ್ಕು ಬಿಡಬಹುದು. ಆದರೆ ಆ ಕೆಂಪು ಚೀಟಿಯ ಕಾಟವಿದೆಯಲ್ಲ, ಅದು ಯಾರಿಗೂ ಬೇಡ! ಸ್ಥಾವರಕ್ಕೆ ಹೊರಡುವ ದಿನ ಶಂಶಾಬಾದಿನ ನಿಲ್ದಾಣದಲ್ಲಿ ವಿಮಾನ ಹಿಡಿಯುವ ಅವಸರದಲ್ಲೂ ಮಾಮಾ ಮನೆಯ ಯಾವುದಾದರೂ ಒಂದು ವಸ್ತುವಿಗೆ ಕೆಂಪು ಚೀಟಿ ಕಟ್ಟಿ ಹೋಗುತ್ತಾರೆ. ಅದರ ಮೇಲೆ 'ಮುಟ್ಟಬಾರದು, ಕಟ್ಟಿದವರೇ ಬಿಚ್ಚಬೇಕು' ಎಂದು ಬರೆದಿರುತ್ತದೆ. ಒಮ್ಮೆ ಮಿಕ್ಸರಿಗೆ ಕಟ್ಟಿದರು, ಒಂದು ವಾರ ಚಟ್ನಿಯಿಲ್ಲ. ಒಮ್ಮೆ ಇಸ್ತ್ರಿಪೆಟ್ಟಿಗೆಗೆ ಕಟ್ಟಿದರು, ನಾನು ಮುದುಡಿದ ಸೀರೆಯುಟ್ಟು ಬ್ಯಾಂಕಿಗೆ ಹೋದೆ. ಕೆಟ್ಟ ಸಾಮಾನಿಗೆ ಕಟ್ಟುತ್ತಾರೆಂದು ನಾನು ತಿಳಿದಿದ್ದೆ. ಕೆಟ್ಟಿದ್ದರೆ ರಿಪೇರಿ ಮಾಡಿಸಬಾರದೆ? ತಿರುಗಿ ಬಂದವರು ಚೀಟಿ ಬಿಚ್ಚುತ್ತಿದ್ದರು, ಮಿಕ್ಸರು ಮೊದಲಿನಂತೆಯೇ ತಿರುಗುತ್ತಿತ್ತು!

ಮೊನ್ನೆ ಮಳೆಗಾಲದಲ್ಲಿ ಒಂದು ಮುಂಜಾನೆ ಮಾಮಾನಿಗೆ ಫೋನ್ ಬಂತು. ಒಂದು ಸ್ಥಾವರದಲ್ಲಿ ತಣ್ಣೀರು ಹಾಯಿಸುವ ಪಂಪೊಂದು ಬೇರೆ ಸದ್ದು ಮಾಡುತ್ತಿತ್ತು. ಮೀಟರು ಮಾತ್ರ ಎಲ್ಲ ಸರಿಯಿದೆ ಎಂದು ತೋರಿಸುತ್ತಿತ್ತು. ಮೀಟರನ್ನು ನಂಬಿ ಒಪ್ಪಿಗೆ ಕೊಟ್ಟುಬಿಡಿ ಎಂದು ಆ ಕಡೆಯವರು ಹೇಳುತ್ತಿದ್ದರೆಂದು ಕಾಣುತ್ತದೆ.

"ಇಲ್ರೀ. ಪಂಪು ಒಂದು ಹೇಳತೈತಿ, ಮೀಟರು ಒಂದು ಹೇಳತೈತಿ. ಎರಡರಾಗ ಒಂದು ಸುಳ್ಳು. ನನಗ ಅಂಜಿಕಿ ಬರಾಕತ್ತೈತಿ. ಕಣ್ಣಾರೆ ನೋಡೂತನಕಾ ಸಹಿ ಮಾಡಂಗಿಲ್ಲ" ಎಂದು ಮಾಮಾ ಫೋನಿಟ್ಟರು. ಆ ದಿನ ಕುಕ್ಕರಿಗೆ ಚೀಟಿ ಕಟ್ಟಿ ಹೋದರು.

ಶುಕ್ರವಾರ ಬರುತ್ತೇನೆಂದಿದ್ದರು, ಬರಲಿಲ್ಲ. ಫೋನು ಬಂದ್. ಒಳಗೆ ಫೋನು ಒಯ್ಯಲು ಬಿಡುವುದಿಲ್ಲ ಎಂಬುದು ನಮಗೆ ಗೊತ್ತಿತ್ತು, ಆದರೂ ಅತ್ತಿ ಮತ್ತೆ ಮತ್ತೆ ಹಚ್ಚುತ್ತಲೇ ಇದ್ದರು. ಶನಿವಾರ ಮುಂಜಾನೆ ಟಿವಿಯ ಕೆಳಗಿನ ಸಾಲಿನಲ್ಲಿ ಆ ಸ್ಥಾವರದ ಹೆಸರು ಓಡಿತು. ಯಂತ್ರದೋಷದಿಂದ ಒಂದು ಘಟಕ ನಿಲ್ಲಿಸಲಾಗಿದೆ, ಜನರು ಗಾಬರಿಯಾಗಬೇಕಿಲ್ಲ, ಇಷ್ಟೇ. ಗಾಬರಿಯಾಗಬೇಡಿ ಎಂದು ಹೇಳುವವರೆಗೆ ನಾನು ನಿಜವಾಗಿ ಗಾಬರಿಯಾಗಿರಲಿಲ್ಲ. ಪಂಪು ನಿಂತಿತೋ, ನಿಲ್ಲಿಸಿದರೋ? ಮಾಮಾ ಆಗ ಎಲ್ಲಿದ್ದರು? ಯಾರನ್ನು ಕೇಳುವುದು?

ಅತ್ತಿ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಒಂದಿಷ್ಟು ಅನ್ನವಾದರೂ ಮಾಡೋಣವೆಂದು ನಾನು ಕತ್ತರಿ ತೆಗೆದುಕೊಂಡು ಕುಕ್ಕರಿನ ದಾರಕ್ಕೆ ಹಚ್ಚಿದೆ. ಅತ್ತಿ ಓಡಿಬಂದು ನನ್ನ ಕೈ ಹಿಡಿದುಕೊಂಡರು.

"ಕತ್ತರಸಬ್ಯಾಡವಾ."

"ಕುಕ್ಕರ ಕೆಟ್ಟಿಲ್ಲ ಬಿಡ್ರಿ ಅತ್ತಿ, ಚೊಲೋ ಐತಿ."

"ಕೆಟ್ಟದ್ದಕ್ಕ ಅಂತ ಯಾರು ಹೇಳಿದ್ರು ನಿನಗ? ಸ್ಥಾವರದಾಗ ರಿಪೇರಿಗೆ ಮಷೀನಿನ ಒಳಗ ಹೋಗಾವ ಅದರ ಬಟನ್ನಿಗೆ ಇಂಥಾದ್ದೊಂದು ಕಟ್ಟಿ ಹೋಗತಾನ. ಮನಷಾ ಒಳಗ ಅದಾನ, ಅವ ಬರೂತನಕಾ ಚಾಲೂ ಮಾಡಬ್ಯಾಡ್ರಿ ಅಂತ ಅದರ ಅರ್ಥ. ಹೊರಗ ಬಂದು ಅವನಾ ಬಿಚ್ಚಬೇಕು. ಮದವಿ ಆದ ಹೊಸದಾಗ ನಾನೂ ನಿನ್ನಂಗಾ ಜಗಳಾ ತಗದಿದ್ದೆ. ಆವಾಗ ಹೇಳಿದ್ರು, 'ಅಲ್ಲಿ ಭಾಳ ಅಂಜಿಕಿ ಬರತೈತಿ. ಮನ್ಯಾಗ ಒಂದು ಬಿಚ್ಚೂದೈತಿ ಅಂದ್ರ ಹೊರಗ ಬರಲೇಬೇಕಲ್ಲ' ಅಂತ."

ನಾನು ಕತ್ತರಿ ಕೆಳಗಿಟ್ಟೆ. ಇಬ್ಬರೂ ಆ ಕುಕ್ಕರಿನ ಮುಂದೆ ನೆಲದ ಮೇಲೆ ಕುಳಿತೆವು. ಇಷ್ಟು ದಿನ ನಾನು ಬೈದುಕೊಳ್ಳುತ್ತಿದ್ದ ಚೀಟಿ ಈಗ ಗಾಳಿಗೆ ಬಿಚ್ಚಿಹೋದೀತೆಂದು ಅಂಜಿ ಫ್ಯಾನು ಬಂದ್ ಮಾಡಿದೆ.

ಮಧ್ಯಾಹ್ನ ಕರೆಗಂಟೆ ಬಡಿಯಿತು. ಬಾಗಿಲಲ್ಲಿ ಮಾಮಾ. ಎರಡು ದಿನದ ಗಡ್ಡ, ಬೆವರಿಗೆ ಅಂಟಿದ ಅಂಗಿ. ಮೀಟರೇ ಸುಳ್ಳು ಹೇಳುತ್ತಿತ್ತಂತೆ, ಘಟಕ ನಿಲ್ಲಿಸಿಯೇ ಬಂದರಂತೆ. ಅಷ್ಟು ಹೇಳಿ, ಕೈಕಾಲು ತೊಳೆದು ನೇರ ಅಡುಗೆಮನೆಗೆ ನಡೆದರು. ಗಂಟು ಬಿಚ್ಚಲು ಹೋದರೆ ಬೆರಳು ನಿಲ್ಲುತ್ತಿಲ್ಲ.

"ನಾ ಬಿಚ್ಚಲೇನ್ರಿ?" ಎಂದರು ಅತ್ತಿ.

"ಬ್ಯಾಡ."

ಅತ್ತಿ ಕುಕ್ಕರು ಅಲುಗದಂತೆ ಎರಡೂ ಕೈಯಿಂದ ಹಿಡಿದು ನಿಂತರು. ಬಹಳ ಹೊತ್ತಿನ ಮೇಲೆ ಗಂಟು ಬಿಚ್ಚಿತು.

ಬೇಳೆ ಹಾಕಿ ಒಲೆ ಹಚ್ಚಿದೆವು. ನಾನು ರೂಢಿಯಂತೆ ಪೇಪರು ತಂದು ಮಾಮಾನ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಸೀಟಿ ಹೊಡೆದಾಗ ಮೈಯೆಲ್ಲ ಬೆಚ್ಚಿಬಿದ್ದರೂ ಮಾಮಾ ಅತ್ತಿಯ ಸೆರಗಿನ ತುದಿ ಹಿಡಿದುಕೊಂಡು ಅಲ್ಲೇ, ಒಲೆಯ ಪಕ್ಕದಲ್ಲೇ ನಿಂತಿದ್ದರು.